ಬೆಟ್ಟದ ನೀರು ಹರಿಸಬೇಕೋ, ಇಂಗಿಸಬೇಕೋ? ಮೂವರು ತಜ್ಞರು ಮೂರು ಮಾತು ಹೇಳಿ ಹೋದರು

ಧರೆಮನೆ (ಹೊಸನಗರ ತಾಲ್ಲೂಕು) · ಏಪ್ರಿಲ್ 22

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಕಾಫಿ ಲೋಟ ಹಿಡಿದುಕೊಂಡೇ ಓದಿ.

ನಮ್ಮದು ನಗರ ಹೋಬಳಿ. ಎರಡು ಎಕರೆ ಅಡಿಕೆ ತೋಟ, ಸಾವಿರದ ನೂರು ಮರ. ತೋಟದ ನೆತ್ತಿಯ ಮೇಲೆ ಆರು ಎಕರೆ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು. ಬೆಂಗಳೂರಲ್ಲಿ ಹನ್ನೊಂದು ವರ್ಷ ಬೇರೆಯವರ ಲೆಕ್ಕ ಬರೆದೆ. ಅಪ್ಪಯ್ಯನ ಮಂಡಿ ಕೈಕೊಟ್ಟ ಮೇಲೆ ಊರಿಗೆ ಬಂದೆ, ಈಗ ನಾಲ್ಕು ವರ್ಷ ಆಯ್ತು. ಲೆಕ್ಕ ಬರೆಯುವ ಚಟ ಮಾತ್ರ ಹೋಗಿಲ್ಲ. ಹಾಗಾಗಿ ಅಬ್ಬಿ (ಬೆಟ್ಟದಿಂದ ಒಸರುವ ಒರತೆ) ನೀರಿನದ್ದೂ ಒಂದು ಪುಸ್ತಕ ಇಟ್ಟಿದ್ದೇನೆ.

ಮನೆಗೆ ನೀರು ಬರುವುದು ಬೆಟ್ಟದ ಬುಡದ ಅಬ್ಬಿಯಿಂದ. ಮೊದಲು ಅಡಿಕೆ ದಂಬೆಯಲ್ಲಿ ಬರುತ್ತಿತ್ತು, ಈಗ ಪೈಪು. ಅಮ್ಮನ ತಾಮ್ರದ ಕೊಡ ಇಟ್ಟು ಫೋನಿನಲ್ಲಿ ಟೈಮ್ ನೋಡುತ್ತೇನೆ. ನಾನು ಬಂದ ವರ್ಷ ಮಾರ್ಚ್ ಮೊದಲ ವಾರ ಕೊಡ ತುಂಬಲು ಒಂದೂವರೆ ನಿಮಿಷ. ಈ ವರ್ಷ ಅದೇ ವಾರ ನಾಲ್ಕು ನಿಮಿಷ ಹತ್ತು ಸೆಕೆಂಡ್. ಈಗಂತೂ ಕೊಡ ಇಟ್ಟು ಒಳಗೆ ಹೋಗಿ ಎರಡು ದೋಸೆ ಹೊಯ್ದು ಬರಬಹುದು.

ಮಳೆಗಾಲದಲ್ಲಿ ಇದರ ತಿರುಗುಮುರುಗು. ತೋಟದ ಕೆಳಗಿನ ಭಾಗದಲ್ಲಿ ನೀರು ನಿಲ್ಲುತ್ತೆ. ಹೋದ ವರ್ಷ ಆ ಭಾಗದಲ್ಲೇ ಕೊಳೆರೋಗ (ಮಳೆಗೆ ಅಡಿಕೆ ಕಾಯಿ ಕೊಳೆತು ಉದುರುವುದು) ಜಾಸ್ತಿ ಬಂತು. ಎಲೆಚುಕ್ಕೆ ರೋಗವೂ ಇದೆ.

ಈ ಒಂದು ವರ್ಷದಲ್ಲಿ ಮೂರು ಜನ ತಿಳಿದವರು ನಮ್ಮ ತೋಟ ನೋಡಿದರು. ರೋಗದ ಬಗ್ಗೆ ಓದಿದವರು ಹೇಳಿದ್ದು: "ಕಪ್ಪು (ತೋಟದ ಬಸಿಗಾಲುವೆ) ಆಳ ಮಾಡಿ, ಒಂದು ದಿನವೂ ನೀರು ನಿಲ್ಲಬಾರದು, ಬಂದ ನೀರನ್ನು ಹೊರಗೆ ಕಳಿಸಿ." ನೀರಿನ ಕೆಲಸ ಮಾಡುವವರು ಬಂದು, "ಒಂದು ಹನಿಯೂ ಹೊರಗೆ ಹೋಗಬಾರದು, ಬೆಟ್ಟದಲ್ಲಿ ನಲವತ್ತು ಇಂಗುಗುಂಡಿ ತೆಗೆಸಿ" ಅಂದರು. ಆರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಆಳ. ಮೂರನೆಯವರು ಮಣ್ಣು, ಕಾಡಿನ ಬಗ್ಗೆ ಅಧ್ಯಯನ ಮಾಡುವವರು. ಅವರು ಗುಂಡಿಯ ಸುದ್ದಿಗೇ ಹೋಗಲಿಲ್ಲ. ಬೆಟ್ಟದಲ್ಲಿ ಕೂತು ಮಣ್ಣು ಕೆದಕಿ, ಮೂಸಿ, "ಐದು ವರ್ಷ ಇಲ್ಲಿ ದರಗು (ಉದುರಿದ ಒಣ ಎಲೆ) ಗುಡಿಸಬೇಡಿ" ಅಂದು ಎದ್ದರು.

ನಾಲ್ಕನೇ ತಜ್ಞರು ಅಪ್ಪಯ್ಯ. "ದರಗು ಗುಡಿಸದೆ ಕೊಟ್ಟಿಗೆಗೆ ಏನು ಹಾಸೋದು, ನಿನ್ನ ಲೆಕ್ಕದ ಪುಸ್ತಕನಾ?"

ಯಾರ ಮಾತು ಕೇಳಲಿ? ಮಳೆಗೆ ಒಂದೂವರೆ ತಿಂಗಳಿದೆ. ದುಡ್ಡು ಒಂದೇ ಕೆಲಸಕ್ಕೆ ಸಾಕು.

---

ಬಯಲುಸೀಮೆ ಗೌಡ (ಕಡೂರು) · ಏಪ್ರಿಲ್ 22

ಅಕ್ಕಾ, ನೀರು ಜಾಸ್ತಿ ಆಯ್ತು ಅಂತ ಬೇಜಾರು ಮಾಡಿಕೊಳ್ಳೋರನ್ನ ನೋಡಿದ್ರೆ ನಮಗೆ ಹೊಟ್ಟೆ ಉರಿಯುತ್ತೆ. ಸುಮ್ನೆ ಒಂದು ಜೆಸಿಬಿ ತರಿಸಿ, ಬೆಟ್ಟಕ್ಕೆ ಅಡ್ಡಲಾಗಿ ಉದ್ದಕ್ಕೂ ಟ್ರೆಂಚ್ ಹೊಡೆಸಿ. ಎರಡು ದಿನದ ಕೆಲಸ. ನಮ್ಮಲ್ಲಿ ಹಾಗೆ ಮಾಡಿ ಬಾವಿಗೆ ನೀರು ಬಂದಿದೆ.

---

ಮಳೆಕಾಡು (ತೀರ್ಥಹಳ್ಳಿ) · ಏಪ್ರಿಲ್ 23

ಗೌಡ್ರೇ, ನಿಮ್ಮ ಊರಿಗೆ ಅದು ಸರಿ. ನಮ್ಮ ಕಡೆ ದಯವಿಟ್ಟು ಹೇಳಬೇಡಿ.

ನಾನು ಅದೇ ಮಾಡಿದ್ದೆ. ಮನೆ ಹಿಂದಿನ ಇಳಿಜಾರಲ್ಲಿ ಜೆಸಿಬಿ ಹತ್ತಿಸಿ ಮೂರು ಸಾಲು ಟ್ರೆಂಚ್. ಜೂನ್‌ನಲ್ಲಿ ತುಂಬಿದ್ದು ನೋಡಿ ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆ. ಜುಲೈ ಕೊನೆಯಲ್ಲಿ ಐದು ದಿನ ಬಿಡದೆ ಹೊಯ್ಯಿತು. ಬೆಳಗಿನ ಜಾವ ಲಾರಿಯಿಂದ ಜಲ್ಲಿ ಸುರಿದ ಹಾಗೆ ಸದ್ದು. ಎದ್ದು ನೋಡಿದರೆ ಮೇಲಿನ ಟ್ರೆಂಚಿನಿಂದ ಕೆಳಗೆ ಧರೆ ಜಾರಿ ನಲವತ್ತು ಅಡಿಕೆ ಮರ ಮಲಗಿದ್ದವು. ಕೊಟ್ಟಿಗೆ ಹತ್ತು ಮಾರು ದೂರದಲ್ಲಿ ಉಳಿಯಿತು. ತಪ್ಪು ನನ್ನದೇ, ಯಾರನ್ನೂ ಬೈಯುವ ಹಾಗಿಲ್ಲ.

2018ರಲ್ಲಿ ಕೊಡಗಲ್ಲಿ ಗುಡ್ಡಗಳು ಕುಸಿದದ್ದು ನೆನಪಿದೆ ಅಲ್ವಾ? ಗುಡ್ಡ ಕಡಿದು ಸಡಿಲ ಮಾಡಿದ ಕಡೆ ನೀರು ತುಂಬಿಸುವುದು ಆಟ ಅಲ್ಲ. ಇಳಿಜಾರು ಕಡಿದಾಗಿದ್ದರೆ, ಕೆಳಗೆ ಮನೆ ಇದ್ದರೆ, ಯಂತ್ರ ಹತ್ತಿಸಲೇಬೇಡಿ.

---

ಹಳೇ ದಫ್ತರ (ಶಿವಮೊಗ್ಗ) · ಏಪ್ರಿಲ್ 23

ಮೂವತ್ತೊಂದು ವರ್ಷ ತೋಟ ಸುತ್ತಿ ನಿವೃತ್ತನಾದವನು ನಾನು. ಮಗಳೇ ಅಂತ ಕರೆದರೆ ಬೇಜಾರಿಲ್ಲ ತಾನೆ?

ಮೂವರೂ ಸರಿಯಾಗೇ ಹೇಳಿದ್ದಾರೆ. ಆದರೆ ಒಂದೇ ಜಾಗದ ಬಗ್ಗೆ ಹೇಳಿಲ್ಲ. ರೋಗದವರು ನೋಡಿದ್ದು ತೋಟದ ತಳ. ನೀರಿನವರು ನೋಡಿದ್ದು ಬೆಟ್ಟದ ಮೈ. ಮೂರನೆಯವರು ನೋಡಿದ್ದು ಬೆಟ್ಟದ ಚರ್ಮ. ತೋಟದಲ್ಲಿ ಬಸಿಯಬೇಕು, ಬೆಟ್ಟದಲ್ಲಿ ಇಂಗಬೇಕು. ಇವೆರಡಕ್ಕೆ ಜಗಳವೇ ಇಲ್ಲ.

ಮೊದಲು ಕಪ್ಪು. ಅಡಿಕೆ ಬೇರು ನೀರು ಬೇಡುತ್ತೆ, ಆದರೆ ನೀರಲ್ಲಿ ನಿಲ್ಲುವುದನ್ನು ಸಹಿಸಲ್ಲ. ಕಪ್ಪಿನ ತಳ ಬೇರಿಗಿಂತ ಕೆಳಗಿರಬೇಕು. ಹೊಸದಾಗಿ ತೋಡುವ ಮೊದಲು ಇರುವ ಕಪ್ಪಿನ ಹೂಳು ತೆಗೆಸಿ ನೋಡಿ. ನಿಮ್ಮ ಅಜ್ಜ ಆಳ ಲೆಕ್ಕ ಹಾಕಿಯೇ ತೋಡಿಸಿರುತ್ತಾರೆ. ನಾಲ್ಕು ವರ್ಷದಿಂದ ಹೂಳು ತೆಗೆದಿಲ್ಲ ಅಂತ ನನ್ನ ಅನುಮಾನ.

ಕೊಳೆಗೆ ಬೋರ್ಡೋ ಹೊಡೆಯುತ್ತೀರಲ್ಲ, ಅದನ್ನು ನಮ್ಮ ಅಡಿಕೆಗೆ ತೋರಿಸಿಕೊಟ್ಟವರು ಲೆಸ್ಲಿ ಕೋಲ್ಮನ್. ಕೆನಡಾದವರು, 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದು ಮಲೆನಾಡಿನ ಮಳೆಯಲ್ಲಿ ನಿಂತು ಈ ರೋಗ ಅಧ್ಯಯನ ಮಾಡಿದರು. ಶೇಕಡ 1ರ ದ್ರಾವಣ, ಅಂದರೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕಲಸಿ ಆಮೇಲೆ ಸೇರಿಸಿ. ಕಬ್ಬಿಣದ ಕತ್ತಿ ಅದ್ದಿ ನೋಡಿ, ಕೆಂಪಗೆ ತಾಮ್ರ ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ. ಮಳೆ ಹಿಡಿಯುವ ಮುಂಚೆ ಮೊದಲ ಸಲ ಆಗಿಬಿಡಬೇಕು. ಆದರೆ "ಇನ್ನೊಂದು ಸಲ ಇರಲಿ" ಅಂತ ಸುಮ್ಮನೆ ಹೊಡೆಯಬೇಡಿ. ತಾಮ್ರ ಮಣ್ಣಿಂದ ಎಲ್ಲಿಗೂ ಹೋಗಲ್ಲ. ವರ್ಷ ವರ್ಷ ಸೇರುತ್ತಾ ಹೋದರೆ ಎರೆಹುಳಕ್ಕೆ ಕಷ್ಟ.

ಇನ್ನು ಸೊಪ್ಪು. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಶಿಫಾರಸು ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್, ಜೊತೆಗೆ 12 ಕೆಜಿ ಹಸಿರು ಸೊಪ್ಪು, 12 ಕೆಜಿ ಗೊಬ್ಬರ. ಜನ ಮೊದಲ ಮೂರು ಅಂಕಿ ನೆನಪಿಟ್ಟು ಕೊನೆಯ ಎರಡನ್ನು ಮರೆಯುತ್ತಾರೆ. ಅಂಗಡಿಯಲ್ಲಿ ಸಿಗಲ್ಲವಲ್ಲ, ಅದಕ್ಕೆ.

ಮಣ್ಣು ಪರೀಕ್ಷೆ ಮಾಡಿಸಿದ್ದೀರಾ? ನಮ್ಮ ಕೆಂಪು ಮಣ್ಣು ಇಷ್ಟು ಮಳೆಗೆ ಹುಳಿ ಆಗಿರುತ್ತೆ. ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯದವರನ್ನೋ ನವುಲೆಯ ಕೃಷಿ ಕಾಲೇಜಿನವರನ್ನೋ ಕೇಳಿ. ಬೆಟ್ಟದ ಮಣ್ಣನ್ನೂ ಒಂದು ಚೀಲ ಬೇರೆ ತೆಗೆದುಕೊಂಡು ಹೋಗಿ.

---

ಬ್ಯಾಣದಂಚು (ಸಾಗರ) · ಏಪ್ರಿಲ್ 25

ದಫ್ತರದ ರಾಯರು ಹೇಳಿದ್ದಕ್ಕೆ ನನ್ನದೊಂದು ಸೇರಿಸುತ್ತೇನೆ. ತಂಗಿ, 1,100 ಮರಕ್ಕೆ 12 ಕೆಜಿ ಅಂದರೆ 13 ಟನ್ ದಾಟುತ್ತೆ. ಆರು ಎಕರೆ ಬೆಟ್ಟದಿಂದ ಪ್ರತಿ ವರ್ಷ ಅಷ್ಟು ಕೇಳಿದರೆ ಅದು ಬೋಳಾಗದೆ ಇನ್ನೇನಾಗುತ್ತೆ? ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟ ಅಂತ ಇತ್ತು. ಹಿಂದಿನವರು ಸುಮ್ನೆ ಇಟ್ಟಿದ್ದಲ್ಲ.

ಹಾಗಂತ ಐದು ವರ್ಷ ಬೆಟ್ಟ ಮುಟ್ಟಬೇಡಿ ಅನ್ನುವುದು ಓದಿದವರಿಗೆ ಸುಲಭ, ಕೊಟ್ಟಿಗೆ ಇರುವವರಿಗೆ ಅಲ್ಲ. ನಾವು ಬೆಟ್ಟವನ್ನು ಮೂರು ಪಾಲು ಮಾಡಿದ್ದೇವೆ. ಒಂದು ವರ್ಷ ಒಂದೇ ಪಾಲಿಗೆ ಕೈ. ಉಳಿದ ಎರಡರಲ್ಲಿ ದರಗು ಬಿದ್ದಲ್ಲೇ ಕೊಳೆಯುತ್ತೆ. ಮತ್ತಿ, ಕೌಲು, ಹೊನ್ನೆ, ನೇರಳೆಯ ಸೊಪ್ಪು ಕಡಿಯುವಾಗ ತುದಿ ಮುಟ್ಟಲ್ಲ, ಪಕ್ಕದ ರೆಂಬೆ ಮಾತ್ರ. ತುದಿ ಕಡಿದರೆ ಮರ ಕುಳ್ಳಾಗಿ ಪೊದೆ ಥರ ಆಗುತ್ತೆ, ನಮ್ಮ ಅರ್ಧ ಬೆಟ್ಟ ಹಾಗೆ ಹಾಳಾಗಿತ್ತು.

ಕಡಿಮೆ ಬೀಳುವ ಸೊಪ್ಪಿಗೆ ಬೇಲಿ ಸಾಲಿನಲ್ಲಿ ಗ್ಲಿರಿಸಿಡಿಯಾ ಗೂಟ ನೆಟ್ಟಿದ್ದೇವೆ. ಮಳೆಗಾಲದ ಶುರುವಲ್ಲಿ ನೆಟ್ಟರೆ ಚಿಗುರುತ್ತೆ. ಹಾಳು ಯುಪಟೋರಿಯಂ ಕಳೆ ಇದೆಯಲ್ಲ, ಹೂ ಬಿಡುವ ಮೊದಲೇ ಕಡಿದು ಅದನ್ನೂ ಮರದ ಬುಡಕ್ಕೆ ಹಾಕುತ್ತೇವೆ. ಸೋಗೆ, ಹಾಳೆ, ಸಿಪ್ಪೆ ಯಾವುದನ್ನೂ ಸುಡಲ್ಲ. ಎಲೆಚುಕ್ಕೆ ಜೋರಾಗಿ ಬಂದ ಸೋಗೆ ಮಾತ್ರ ತೋಟದಿಂದ ಹೊರಗೆ ಹಾಕಿ ಸುಡುತ್ತೇವೆ, ಅದು ಬೇರೆ ವಿಷಯ.

---

ಧರೆಮನೆ (ಹೊಸನಗರ ತಾಲ್ಲೂಕು) · ಜುಲೈ 14

ಮೂರು ತಿಂಗಳು ಕಾಣೆಯಾಗಿದ್ದಕ್ಕೆ ಕ್ಷಮಿಸಿ. ಕರೆಂಟೂ ಇಲ್ಲ, ನೆಟ್ವರ್ಕೂ ಇಲ್ಲ. ಏನೇನು ಮಾಡಿದೆ ಅಂತ ಹೇಳುತ್ತೇನೆ.

ಹಳೇ ದಫ್ತರದ ಸರ್, ನಿಮ್ಮ ಅನುಮಾನ ಸರಿ. ಕಪ್ಪಿನಲ್ಲಿ ಒಂದೂವರೆ ಅಡಿ ಹೂಳು. ತೆಗೆಸಿದಾಗ ತಳದಲ್ಲಿ ಅಜ್ಜನ ಕಾಲದ ಕಲ್ಲು ಹಾಸು ಸಿಕ್ಕಿತು. ಅಪ್ಪಯ್ಯ ಕುರ್ಚಿ ತರಿಸಿ ಅಲ್ಲೇ ಕೂತರು. ಹೂಳು ಕೆಂಪು ಬಣ್ಣ, ಬೆಟ್ಟದ್ದೇ ಮಣ್ಣು. ದುಡ್ಡು ಅದಕ್ಕೇ ಮುಗಿಯಿತು.

ಗುಂಡಿ ತೆಗೆಸಲಿಲ್ಲ. ಮಳೆಕಾಡು ಅವರ ಧರೆ ಜಾರಿದ ಕಥೆ ಓದಿ ಹೆದರಿಕೆ ಆಗಿದ್ದು ನಿಜ. ಆದರೆ ಅದಕ್ಕಿಂತ ಜಾಸ್ತಿ ಲೆಕ್ಕ ಹಾಕಿ ಕೈಬಿಟ್ಟೆ. ಒಂದು ಎಕರೆ ಮೇಲೆ 100 ಮಿ.ಮೀ. ಮಳೆ ಬಿದ್ದರೆ 4 ಲಕ್ಷ ಲೀಟರ್. ಆರು ಎಕರೆಗೆ 24 ಲಕ್ಷ. ನಮ್ಮಲ್ಲಿ ಜುಲೈಯಲ್ಲಿ ಒಂದೇ ದಿನ ಅಷ್ಟು ಬೀಳುವುದು ಹೊಸದೇನಲ್ಲ. ಆ ಅಳತೆಯ ಒಂದು ಗುಂಡಿ ಹಿಡಿಯುವುದು 680 ಲೀಟರ್. ನಲವತ್ತು ಗುಂಡಿ ಸೇರಿ 27 ಸಾವಿರ. ನೂರಕ್ಕೆ ಒಂದು ಪಾಲು! ಗುಂಡಿ ತುಂಬಿ ಇಂಗಿ ಮತ್ತೆ ತುಂಬುತ್ತೆ, ಒಪ್ಪಿದೆ. ಆದರೂ ಉಳಿದ ನೀರನ್ನು ಹಿಡಿಯುವವರು ಯಾರು?

ಅದನ್ನು ನೋಡಲಿಕ್ಕೆ ಹೋದ ವಾರ ಗೊರಬು ಹಾಕಿಕೊಂಡು ಬೆಟ್ಟ ಹತ್ತಿದೆ. ಜೋರು ಮಳೆ, ಜಿಗಣೆ ಬೇರೆ. ಎರಡು ಉಪ್ಪಿನಕಾಯಿ ಬಾಟಲಿ ಒಯ್ದಿದ್ದೆ. ನಾವು ವರ್ಷಾವರ್ಷ ಗುಡಿಸುವ ಕಡೆ ನೀರು ಚಹಾದ ಬಣ್ಣದಲ್ಲಿ ಓಡುತ್ತಿತ್ತು, ಕಾಲ ಕೆಳಗೆ ಸದ್ದು ಮಾಡಿಕೊಂಡು. ಅಲ್ಲಿ ಒಂದು ಬಾಟಲಿ ತುಂಬಿಸಿದೆ. ಮೇಲಿನ ಮೂಲೆಯಲ್ಲಿ ಭೂತನ ಕಲ್ಲು ಇದೆ, ಅದರ ಸುತ್ತ ಯಾರೂ ಕತ್ತಿ ಹಾಕಲ್ಲ. ಅಲ್ಲಿ ಬಾಟಲಿ ಹಿಡಿಯೋಣ ಅಂದರೆ ಹರಿಯುವ ನೀರೇ ಇಲ್ಲ. ಅದೇ ಮಳೆ, ಅದೇ ಇಳಿಜಾರು. ದರಗಿನ ಮೇಲೆ ಕಾಲಿಟ್ಟರೆ ಹಾಸಿಗೆ ಮೇಲೆ ನಿಂತ ಹಾಗೆ ಕುಸಿಯುತ್ತೆ. ಕೈ ಹಾಕಿದೆ, ಮಣಿಕಟ್ಟಿನವರೆಗೆ ಹೋಯಿತು. ಒಳಗೆ ಬಿಳಿ ಬೂಸಲು, ಸಣ್ಣ ಬೇರು, ಒಂದು ಸಹಸ್ರಪದಿ ಸುರುಳಿ ಸುತ್ತಿ ಮಲಗಿತ್ತು. ಬಾಟಲಿ ತುಂಬಲು ಇಪ್ಪತ್ತು ನಿಮಿಷ ಒಂದು ಬೇರಿನ ಸಂದಿಯಲ್ಲಿ ಹಿಡಿದು ನಿಂತೆ.

ಎರಡನ್ನೂ ತಂದು ಜಗಲಿ ಮೇಲೆ ಇಟ್ಟೆ. ಬೆಳಗ್ಗೆ ನೋಡಿದರೆ ಒಂದರಲ್ಲಿ ತಳಕ್ಕೆ ಬೆರಳು ದಪ್ಪ ಕೆಸರು. ಇನ್ನೊಂದರಲ್ಲಿ ಅಡ್ಡ ಹಿಡಿದರೆ ಆ ಕಡೆಯ ತುಳಸಿಕಟ್ಟೆ ಕಾಣುತ್ತೆ. ನಾನು ಏನೂ ಹೇಳಲಿಲ್ಲ. ಅಪ್ಪಯ್ಯ ಕವಳ ಜಗಿಯುತ್ತಾ ಬಹಳ ಹೊತ್ತು ನೋಡಿದರು. ಆಮೇಲೆ "ಕಪ್ಪಿನ ಹೂಳು ಇದೇ ಅಲ್ವನೇ" ಅಂದರು. ಮಧ್ಯಾಹ್ನ ಊಟಕ್ಕೆ ಕೂತಾಗ ಅವರೇ ಪಾಲು ಮಾಡಿದರು: ಭೂತನ ಕಲ್ಲಿನಿಂದ ಹಲಸಿನ ಮರದವರೆಗೆ ಒಂದು, ಅಲ್ಲಿಂದ ಅಗಳದವರೆಗೆ ಎರಡನೆಯದು, ದಾರಿ ಕಡೆಯದ್ದು ಮೂರನೆಯದು. ಈ ವರ್ಷ ದಾರಿ ಕಡೆಯದಕ್ಕೆ ಮಾತ್ರ ಕೈ.

ಕೊಡದ ಲೆಕ್ಕ ಮುಂದಿನ ಮಾರ್ಚಿಗೆ ಹಾಕುತ್ತೇನೆ. ಒಂದೇ ವರ್ಷಕ್ಕೆ ಏನೂ ಕಾಣದಿದ್ದರೂ ಹಾಕುತ್ತೇನೆ.

ಸಾಗರದ ಅಣ್ಣ, ಗ್ಲಿರಿಸಿಡಿಯಾ ಗೂಟ ಇನ್ನೂರು ಸಿಗಬಹುದಾ? ಈಗ ನೆಟ್ಟರೂ ಹಿಡಿಯುತ್ತಾ, ಇಲ್ಲಾ ಮುಂದಿನ ವರ್ಷಕ್ಕೆ ಕಾಯಲಾ? ಹಿಡಿಯುತ್ತೆ ಅಂದರೆ ಭಾನುವಾರ ಪಿಕಪ್ ಕಳಿಸುತ್ತೇನೆ.

---

ಬ್ಯಾಣದಂಚು (ಸಾಗರ) · ಜುಲೈ 15

ಹಿಡಿಯುತ್ತೆ, ಆದರೆ ತಡ ಮಾಡಬೇಡಿ. ಹೆಬ್ಬೆರಳಿಗಿಂತ ದಪ್ಪದ್ದೇ ಕಡಿದಿಡುತ್ತೇನೆ. ಬರುವಾಗ ಆ ಎರಡು ಬಾಟಲಿಯನ್ನೂ ಕಳಿಸಿಕೊಡಿ ತಂಗಿ, ನಮ್ಮ ಅಣ್ಣನಿಗೆ ತೋರಿಸಬೇಕು.