ಮಳೆಗಾಲದಲ್ಲಿ ಪಾರಿವಾಳದ ಗೂಡು ದಿನಾ ತೊಳೆದರೂ ನಾತ ಹೋಗ್ತಿಲ್ಲ

ತಾರಸಿಗೂಡು:
ಬೆಂಗಳೂರು, ಮೂರನೇ ಮಹಡಿ ತಾರಸಿ. ಗೂಡು 8 ಅಡಿ ಉದ್ದ, 6 ಅಡಿ ಅಗಲ, 7 ಅಡಿ ಎತ್ತರ. ಪ್ಲೈವುಡ್ ನೆಲ, 40 ಹೋಮರ್ (ದೂರ ಬಿಟ್ಟರೂ ಗೂಡಿಗೆ ಮರಳುವ ತಳಿಯ ಪಾರಿವಾಳ). ದಿನಾ ಬೆಳಿಗ್ಗೆ ಎರಡು ಬಕೆಟ್ ನೀರಿಗೆ ಫಿನೈಲ್ ಹಾಕಿ ತೊಳೆದು, ಮೇಲೆ ಸುಣ್ಣದ ಪುಡಿ ಉದುರಿಸ್ತೀನಿ. ಆದರೂ ಬಾಗಿಲು ತೆಗೆದರೆ ಕಣ್ಣುರಿ. ಮರಿಗಳ ಹಿಕ್ಕೆ ಹಸಿರು ನೀರು, ಎರಡು ಮರಿ ಸೊರಗಿ ಎದೆಮೂಳೆ ಎದ್ದು ಕಾಣ್ತಿದೆ. ಬ್ಲೀಚಿಂಗ್ ಪೌಡರ್ ಹಾಕಲಾ?

ಒಣಹಲಗೆ:
ಖಂಡಿತ ಬೇಡ ಸಾರ್. ಹಿಕ್ಕೆಯ ಅಮೋನಿಯಾಕ್ಕೆ ಬ್ಲೀಚಿಂಗ್ ಸೇರಿದರೆ ವಿಷಗಾಳಿ ಏಳುತ್ತೆ, ಹಕ್ಕಿಗೂ ನಿಮಗೂ ಅಪಾಯ. ಮೊದಲು ನೀರು ಸುರಿಯೋದು ನಿಲ್ಲಿಸಿ. ಒಣಗಿದ ಹಿಕ್ಕೆ ಅಷ್ಟಾಗಿ ನಾರಲ್ಲ, ನೆನೆದದ್ದು ಕೊಳೆತು ಅಮೋನಿಯಾ ಬಿಡುತ್ತೆ. ಸುಣ್ಣ ಬಿದ್ದರಂತೂ ಇನ್ನೂ ಬೇಗ ಏಳುತ್ತೆ. ಸುಣ್ಣ ಗೋಡೆಗೆ ಬಳಿಯೋಕೆ ಸರಿ, ನೆಲಕ್ಕಲ್ಲ. ಒದ್ದೆಯಾದರೆ ಹಕ್ಕಿ ಕಾಲೂ ಸುಡುತ್ತೆ.

4 ಇಂಚಿನ ಪಟ್ಟಿ ಬ್ಲೇಡು ತಗೊಳ್ಳಿ, ಪೇಂಟರುಗಳ ಹತ್ತಿರ ಇರುತ್ತಲ್ಲ, ಅದೇ. ಹಕ್ಕಿಗಳನ್ನು ಹಾರಿಸಿದ ಮೇಲೆ ಕೂರುವ ಅಡ್ಡೆ, ಮರಿಗೂಡು, ನೆಲ, ಈ ಕ್ರಮದಲ್ಲಿ ಮೇಲಿಂದ ಕೆಳಕ್ಕೆ ಕೆರೆಯಿರಿ. ಮೂಲೆ ಬಿಡಬೇಡಿ, ಪ್ಲೈವುಡ್ ಅಂಚು ಉಬ್ಬಿದ್ದರೆ ಆ ಸಂದಿಯಲ್ಲೇ ತೇವ ಕೂತಿರುತ್ತೆ. ಉಬ್ಬಿದ ಹಲಗೆ ಬದಲಿಸೋದೇ ವಾಸಿ.

ಹಸಿರು ಹಿಕ್ಕೆಗೆ ಕಾಕ್ಸಿಡಿಯೋಸಿಸ್ (ಕರುಳಿನ ಪರಾವಲಂಬಿಯಿಂದ ಬರೋ ರೋಗ) ಒಂದು ಕಾರಣ ಇರಬಹುದು, ಬೇರೆ ರೋಗಗಳಲ್ಲೂ ಹಾಗೇ ಆಗುತ್ತೆ. ಆ ಪರಾವಲಂಬಿಯ ಮೊಟ್ಟೆ ಹಿಕ್ಕೆಯಲ್ಲಿ ಬಿದ್ದ ತಕ್ಷಣ ಬೇರೆ ಹಕ್ಕಿಗೆ ರೋಗ ಅಂಟಿಸಲ್ಲ. ತೇವ, ಬೆಚ್ಚಗೆ ಸಿಕ್ಕರೆ ಒಂದೆರಡು ದಿನದಲ್ಲಿ ಬಲಿಯುತ್ತೆ. ದಿನಾ ಕೆರೆಯೋದು ಅದಕ್ಕೇ. ಫಿನೈಲಿಗೆ ಅದು ಜಗ್ಗಲ್ಲ, ಕುದಿಯುವ ನೀರಿಗೆ ಸಾಯುತ್ತೆ. ಹಾಗಾಗಿ ಕಾಳಿನ ತಟ್ಟೆ, ನೀರಿನ ಪಾತ್ರೆಗಳನ್ನು ಗೂಡಿನ ಹೊರಗೆ ಕುದಿನೀರಲ್ಲಿ ತೊಳೆದು ಬಿಸಿಲಿಗಿಡಿ. ಕುಡಿಯೋ ನೀರು ದಿನಾ ಬದಲಾಗಲಿ. ತಾಜಾ ಹಿಕ್ಕೆಯನ್ನು ಚಿಕ್ಕ ಡಬ್ಬಿಯಲ್ಲಿ ಪಶು ಆಸ್ಪತ್ರೆಗೆ ಒಯ್ದು ಪರೀಕ್ಷೆ ಮಾಡಿಸಿ. ಅಂದಾಜಿನ ಮೇಲೆ ಔಷಧಿ ಹಾಕಬೇಡಿ. ಸೊರಗಿದ ಮರಿಗಳನ್ನು ಈಗಲೇ ಬೇರೆ ಇಡಿ.

ಪಡುಗಾಳಿ:
ಗೂಡಿನ ಅಳತೆ ನೋಡಿ ಹೇಳ್ತಿದ್ದೀನಿ. 336 ಘನ ಅಡಿ, ಅಂದ್ರೆ ಸುಮಾರು 9.5 ಘನ ಮೀಟರ್. ಘನ ಮೀಟರಿಗೆ ಒಂದು ಜೋಡಿ ಅನ್ನೋ ಲೆಕ್ಕದಲ್ಲಿ 20 ಹಕ್ಕಿಗಷ್ಟೇ ಜಾಗ. 40 ಇದ್ದರೆ ಎಷ್ಟು ಕೆರೆದರೂ ಸಂಜೆಗೆ ಅಷ್ಟೇ. ಗಾಳಿಗೆ ಕೆಳಗೆ ಜಾಲರಿ ಕಿಂಡಿ, ಮಾಡಿನ ಕೆಳಗೆ 4 ಇಂಚಿನ ಸಂದಿ ಬಿಡಿ. ಅಡ್ಡೆಗೆ ನೇರ ಗಾಳಿ ಬಡಿಯಬಾರದು. ಮುಂಗಾರಿನ ಇರಿಚಲು ಪಡುವಣದಿಂದ ಬರೋದು, ಆ ಕಡೆ ಮುಚ್ಚಿ ಮೂಡಣಕ್ಕೆ ತೆರೆಯಿರಿ.

ತಾರಸಿಗೂಡು:
ನೀರು ನಿಲ್ಲಿಸಿ ನಾಲ್ಕು ದಿನ ಆಯ್ತು, ನಾತ ಅರ್ಧ ಇಳಿದಿದೆ. ಹಿಕ್ಕೆ ಪರೀಕ್ಷೆಗೆ ಕೊಟ್ಟಿದ್ದೀನಿ. ಈಗ ಗುಡಿಸುವಾಗ ಧೂಳು ಬಹಳ.

ಒಣಹಲಗೆ:
ಪೊರಕೆ ಬೇಡ. ಎನ್95 ಮಾಸ್ಕ್ ಹಾಕಿ ಬ್ಲೇಡಲ್ಲೇ ತಳ್ಳಿ ಮೊರಕ್ಕೆ ಎತ್ತಿ. ಆ ಧೂಳು ವರ್ಷಗಟ್ಟಲೆ ಒಳಗೆ ಹೋದರೆ ಶ್ವಾಸಕೋಶಕ್ಕೆ ಕೆಟ್ಟದ್ದು. ಕೆರೆದದ್ದನ್ನು ಗುಲಾಬಿ ಕುಂಡಕ್ಕೆ ಹಸಿಯಾಗಿ ಸುರಿಯಬೇಡಿ, ಬೇರು ಸುಟ್ಟುಹೋಗುತ್ತೆ. ಒಣ ಎಲೆ ಬೆರೆಸಿ ಕೊಳೆಯೋಕೆ ಬಿಡಿ.