ಪುಣೆ: ಪ್ರೊಟೆಕ್ಷನ್ ಆರ್ಡರ್ ಮುಂದುವರಿಸುವುದು ಹೇಗೆ?

ಹಡಪ್ಸರ್ ಅಕ್ಕ:
ಗಂಡನ ಹೊಡೆತ ತಾಳಲಾರದೆ ನನ್ನ ತಂಗಿ ನಮ್ಮ ಮನೆಗೆ ಬಂದಿದ್ದಾಳೆ. ಶಿವಾಜಿನಗರ ಕೋರ್ಟಿನಲ್ಲಿ ಮಧ್ಯಂತರ ಪ್ರೊಟೆಕ್ಷನ್ ಆರ್ಡರ್ ಸಿಕ್ಕಿದೆ. ಅವನು ಹತ್ತಿರ ಬರಬಾರದು, ಫೋನ್ ಮಾಡಬಾರದು ಅಂತಿದೆ, ಆದರೆ ಮುಂದಿನ ತಾರೀಖಿನವರೆಗೆ ಮಾತ್ರ. ಆ ತಾರೀಖು ಬರುವ ವಾರವೇ ಇದೆ. ಅವನ ಅಣ್ಣ ಫೋನ್ ಮಾಡಿ "ಆರ್ಡರ್ ಮುಗೀಲಿ, ಆಮೇಲೆ ನೋಡ್ಕೋತೀವಿ" ಅಂದ. ತಂಗಿಗೆ ನಿದ್ದೆಯಿಲ್ಲ. ಮತ್ತೆ ಹೊಸ ಕೇಸ್ ಹಾಕಬೇಕಾ? ವಕೀಲರು ಫೋನ್ ಎತ್ತುತ್ತಿಲ್ಲ.

ಕೋಥ್ರೂಡ್ ವಕೀಲೆ:
ಹೊಸ ಕೇಸ್ ಬೇಡ. ಅದೇ ಕೇಸಿನಲ್ಲಿ ಆರ್ಡರ್ ಮುಂದುವರಿಸಿ ಅಂತ ಅರ್ಜಿ ಕೊಡಿ, ತಾರೀಖಿಗೆ ಮುಂಚೆಯೇ ಕೊಟ್ಟರೆ ಇನ್ನೂ ಒಳ್ಳೆಯದು. ಅವತ್ತು ತಂಗಿ ತಪ್ಪದೆ ಕೋರ್ಟಿನಲ್ಲಿರಲಿ. ಎದುರಿನವರು ತಾರೀಖು ಮುಂದಕ್ಕೆ ಹಾಕಿಸಿಕೊಂಡರೆ, ಅಲ್ಲಿಯವರೆಗೂ ಆರ್ಡರ್ ಇರಲಿ ಅಂತ ಅಲ್ಲೇ ಕೇಳಿ. ಅದು ಆ ದಿನದ ಆದೇಶದಲ್ಲಿ ಬರೆದಿದೆಯಾ ನೋಡಿಕೊಂಡೇ ಹೊರಗೆ ಬನ್ನಿ, ಬರವಣಿಗೆಯಲ್ಲಿ ಇಲ್ಲದಿದ್ದರೆ ಸ್ಟೇಷನ್ನಿನಲ್ಲಿ ಯಾರೂ ಕೇಳಲ್ಲ. ಅಂತಿಮ ಆದೇಶ ಬಂದ ಮೇಲೆ ಈ ಕಾಟವಿಲ್ಲ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ, ರದ್ದು ಮಾಡಿ ಅಂತ ತಂಗಿಯೇ ಅರ್ಜಿ ಹಾಕುವವರೆಗೆ ಅದು ಜಾರಿಯಲ್ಲಿರುತ್ತದೆ. ಪರಿಸ್ಥಿತಿ ಬದಲಾಗಿದೆ ಅಂತ ಅವನೂ ಕೋರ್ಟಿಗೆ ಹೋಗಬಹುದು, ಆದರೆ ಮ್ಯಾಜಿಸ್ಟ್ರೇಟ್ ಒಪ್ಪಿ, ಕಾರಣ ಬರೆದರೆ ಮಾತ್ರ ಆದೇಶ ಬದಲಾಗುತ್ತದೆ. ಹಾಗಾಗಿ ರಾಜಿ ಅಂತ ಮನೆಯವರು ತರುವ ಯಾವ ಕಾಗದಕ್ಕೂ ಅವಳು ಓದದೆ ಸಹಿ ಹಾಕಬಾರದು.

ಪಿಂಪ್ರಿ ಮಂಜುಳಾ:
ಆ ಅಣ್ಣನ ಫೋನ್ ಬಂದ ದಿನ, ಹೊತ್ತು, ಆಡಿದ ಮಾತು ಈಗಲೇ ಬರೆದಿಡಿ ಅಕ್ಕ. ಕಾಲ್ ಲಿಸ್ಟ್ ಅಳಿಸಬೇಡಿ. ಮುಂದುವರಿಸಿ ಅಂತ ಕೇಳುವಾಗ ಇದೇ ನಿಮ್ಮ ಗಟ್ಟಿ ಕಾರಣ. ಗಂಡ ಆರ್ಡರ್ ಮುರಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಅದು ಜಾಮೀನಿಲ್ಲದ ಅಪರಾಧ. ಅವನು ಬಾಗಿಲಿಗೆ ಬಂದರೆ ವಾದ ಮಾಡುತ್ತಾ ನಿಲ್ಲಬೇಡಿ, 112ಕ್ಕೆ ಫೋನ್ ಮಾಡಿ. ವಕೀಲರಿಗೆ ಕಾಯಬೇಡಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. 15100 ಅವರ ಸಹಾಯವಾಣಿ.

ಹಡಪ್ಸರ್ ಅಕ್ಕ:
ತುಂಬಾ ಧೈರ್ಯ ಬಂತು. ಇನ್ನೊಂದು ಕೇಳ್ತೀನಿ, ಅಮ್ಮ ಧಾರವಾಡಕ್ಕೆ ಕಳಿಸು ಅಂತಿದ್ದಾರೆ. ಆರ್ಡರ್ ಅಲ್ಲಿ ನಡೆಯುತ್ತಾ?

ಕೋಥ್ರೂಡ್ ವಕೀಲೆ:
ಇಡೀ ದೇಶದಲ್ಲಿ ನಡೆಯುತ್ತೆ. ಆದೇಶದ ಪ್ರತಿಯನ್ನು ಕೋರ್ಟ್ ಉಚಿತವಾಗಿ ಕೊಡಬೇಕು. ಒಂದನ್ನು ಧಾರವಾಡದ ಸ್ಟೇಷನ್ನಿಗೆ ಕೊಟ್ಟು, ಸ್ವೀಕರಿಸಿದ್ದಕ್ಕೆ ಸೀಲ್ ಹಾಕಿಸಿಕೊಳ್ಳಿ. ಆದರೆ ಈ ತಾರೀಖು ಮುಗಿಯುವವರೆಗೆ ಅವಳು ಪುಣೆಯಲ್ಲೇ ಇರಲಿ.