ಸಹಾಯ ಬೇಕು: ಅಮ್ಮನ ಮೊಣಕಾಲು ನೋವಿಗೆ ಯಾವ ಇಂಜೆಕ್ಷನ್?

ನನ್ನ ತಾಯಿಗೆ 67 ವರ್ಷ. ಎರಡೂ ಮೊಣಕಾಲುಗಳಲ್ಲಿ ಮೂರನೇ ಹಂತದ ಆಸ್ಟಿಯೋಆರ್ಥ್ರೈಟಿಸ್ (ಕೀಲು ಸವೆತ) ಇದ್ದು, ದೇವರಮನೆಯ ಹೊಸ್ತಿಲು ದಾಟುವಾಗಲೂ ಬಾಗಿಲ ಚೌಕಟ್ಟು ಹಿಡಿದುಕೊಳ್ಳುತ್ತಾರೆ. ಒಬ್ಬ ವೈದ್ಯರು ಸ್ಟೆರಾಯ್ಡ್ ಸಾಕೆಂದರೆ, ಮತ್ತೊಬ್ಬರು ಅಮ್ಮನದೇ ರಕ್ತದಿಂದ ತಯಾರಿಸುವ ಪಿಆರ್‌ಪಿ (ಪ್ಲೇಟ್‌ಲೆಟ್ ಹೆಚ್ಚಿರುವ ಪ್ಲಾಸ್ಮಾ) ಸೂಚಿಸಿದ್ದಾರೆ. ಸ್ಟೆರಾಯ್ಡ್ ಕೆಲವು ವಾರ ನೋವು ತಗ್ಗಿಸುತ್ತದೆಯಾದರೂ, 12 ವಾರಕ್ಕೊಮ್ಮೆಯಂತೆ ಎರಡು ವರ್ಷ ಅದನ್ನು ಕೊಟ್ಟು ನೋಡಿದ, 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಹೋಲಿಕೆಗಾಗಿ ಔಷಧವಿಲ್ಲದ ಉಪ್ಪುನೀರಿನ ಚುಚ್ಚುಮದ್ದು ಪಡೆದವರಿಗಿಂತ ಮೃದ್ವಸ್ಥಿ (ಕೀಲಿನಲ್ಲಿ ಮೂಳೆಯ ತುದಿಯನ್ನು ಮುಚ್ಚಿರುವ ಮೆತ್ತನೆಯ ಪದರ) ಹೆಚ್ಚು ಸವೆದಿತ್ತು, ನೋವು ಮಾತ್ರ ಹೆಚ್ಚೇನೂ ತಗ್ಗಿರಲಿಲ್ಲ. 2021ರ ಆಸ್ಟ್ರೇಲಿಯಾದ ಪ್ರಯೋಗದಲ್ಲಿ ಪಿಆರ್‌ಪಿಯೂ ಉಪ್ಪುನೀರನ್ನು ಮೀರಿಸಲಿಲ್ಲ. ಪಿಆರ್‌ಪಿಯ ಬೆಲೆ ಕೇಳಿದ ಮೇಲೆ ಇದು ನನಗೆ ಇನ್ನಷ್ಟು ಚುಚ್ಚಿತು. ಅಮ್ಮನಿಗೆ ಸಕ್ಕರೆ ಕಾಯಿಲೆಯೂ ಇರುವುದರಿಂದ, ಸ್ಟೆರಾಯ್ಡ್ ಪಡೆದ ನಂತರ ಸಕ್ಕರೆಯ ಪ್ರಮಾಣ ಎಷ್ಟು ದಿನ ಏರಿತ್ತೆಂದು ಅನುಭವವಿರುವವರು ದಯವಿಟ್ಟು ತಿಳಿಸಿ. ಮೃದ್ವಸ್ಥಿಯ ಸವೆತವನ್ನು ಸೂಚಿಸುವ ಸಿಟಿಎಕ್ಸ್-2 ಮೂತ್ರ ಪರೀಕ್ಷೆಯನ್ನು ನೋಡಿ ಯಾರಿಗಾದರೂ ವೈದ್ಯರು ಚಿಕಿತ್ಸೆ ಬದಲಿಸಿದ್ದುಂಟೇ?